ಮಹಿಳೆಯರಲ್ಲಿ ಕ್ಯಾನ್ಸರಿನ ಮುನ್ಸೂಚನೆಗಳು: ಗಡಿಭಾಗದ ಶಿಕ್ಷಕರೊಡನೆ ಕೆಲವು ಮಾತುಗಳು

(ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರ ಸೇವಾಂತರ್ಗತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಶಿಬಿರದ ವೇಳಾಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಪ್ರತಿ ವರ್ಷ ಇರುತ್ತಿದ್ದುದು ವ್ಯಾಕರಣ, ಇಲ್ಲವೆ ಗದ್ಯಬೋಧನೆ. ಈ ಸಲ ಆರೋಗ್ಯ ಶಿಕ್ಷಣದ ಅವಧಿಯನ್ನು ನಾನಾಗಿಯೇ ಕೇಳಿ ಪಡೆದಿದ್ದೇನೆ. ನಾನು ವೈದ್ಯಳಲ್ಲ, ಭಾಷೆಯನ್ನು ಕಲಿಸುವವಳು. ರೋಗವನ್ನು ನಿರ್ಣಯಿಸುವುದು ನನ್ನ ಕೆಲಸವಲ್ಲ, ನಿಮ್ಮದೂ ಅಲ್ಲ. ಆದರೆ ಹೆಣ್ಣಿನ ದೇಹದಲ್ಲಿ ಕಾಣಿಸಿಕೊಂಡ ಒಂದು ಲಕ್ಷಣ ವೈದ್ಯರನ್ನು ಮುಟ್ಟಬೇಕಾದರೆ ಅದು ಮೊದಲು ಮಾತಾಗಬೇಕು. ಆ ಮಾತು ದಾರಿಯಲ್ಲಿ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹಿಂದಿನ ಸಾಲುಗಳಲ್ಲಿ ಪುರುಷ ಶಿಕ್ಷಕರು ತುಸು ಸಂಕೋಚದಿಂದ ಕುಳಿತಿರುವುದು ಕಾಣುತ್ತಿದೆ. ದಯವಿಟ್ಟು ಎದ್ದು ಹೋಗಬೇಡಿ. ನಮ್ಮ ಹಳ್ಳಿಗಳಲ್ಲಿ ಯಾರು ಯಾವಾಗ ದವಾಖಾನೆಗೆ ಹೋಗಬೇಕು, ಬಸ್ಸಿನ ಹಣ ಯಾರ ಜೇಬಿನಿಂದ ಬರಬೇಕು ಎಂಬುದನ್ನು ಈಗಲೂ ಬಹುಮಟ್ಟಿಗೆ ನೀವೇ ತೀರ್ಮಾನಿಸುತ್ತೀರಿ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನಿದ್ದೆ. ಮಕ್ಕಳಿಗೆ ಖಿಚಡಿ ಬೇಯಿಸುತ್ತಿದ್ದ ಹೆಂಗಸೊಬ್ಬರು ನನಗೆ ಆಪ್ತರಾಗಿದ್ದರು. ಅಕ್ಕಿ ಆರಿಸುತ್ತ ಊರ ಸುದ್ದಿಯೆಲ್ಲ ಹೇಳುವವರು. ಒಂದು ದಿನ ಮಧ್ಯಾಹ್ನ ಪಾತ್ರೆ ತೊಳೆಯುತ್ತ ನಗುನಗುತ್ತಲೇ ಅಂದರು: "ಬಾಯಾರ, ಮುದುಕಿ ಆದಮ್ಯಾಲ ನನಗ ಮತ್ತ ಹರೇ ಬಂದಂಗೈತ್ರಿ." ಮುಟ್ಟು ನಿಂತು ಏಳೆಂಟು ವರ್ಷಗಳಾದ ಮೇಲೆ ಆಗಾಗ ರಕ್ತ ಕಾಣಿಸಿಕೊಳ್ಳುತ್ತಿತ್ತು. ನೋವೇನೂ ಇರಲಿಲ್ಲ. ಅವರು ಅದನ್ನು ತಮಾಷೆ ಮಾಡಿ ಹೇಳಿದರು. ನಾನೂ ನಕ್ಕೆ. ಸ್ನಾತಕೋತ್ತರ ಪದವಿಯ ಜೊತೆಗೆ ಎಂ.ಎಡ್. ಮುಗಿಸಿದ್ದ ನನಗೆ, ಮುಟ್ಟು ನಿಂತ ಮೇಲೆ ಕಾಣುವ ರಕ್ತವು ಎಂದಿಗೂ ತಮಾಷೆಯ ವಿಷಯವಲ್ಲ ಎಂಬ ಒಂದು ವಾಕ್ಯ ತಿಳಿದಿರಲಿಲ್ಲ.

ಮೂರು ತಿಂಗಳ ಮೇಲೆ ಸೊಸೆ ಅವರನ್ನು ಪೇಟೆಯ ದವಾಖಾನೆಗೆ ಕರೆದುಕೊಂಡು ಹೋದಳು. ಬೆಳಗಿನಿಂದ ಸಾಲಿನಲ್ಲಿ ಕುಳಿತಿದ್ದರು. ಒಳಗೆ ಹೋದಾಗ ವೈದ್ಯರು ಮರಾಠಿಯಲ್ಲಿ ಕೇಳಿದರು: "ಪಾಳೀ ಕಧೀ ಆಲೀ?" ಮರಾಠಿಯಲ್ಲಿ ಪಾಳಿ ಎಂದರೆ ಸರದಿ, ತಿಂಗಳ ಮುಟ್ಟು ಎಂದೂ ಅರ್ಥ. ನಮ್ಮ ಕನ್ನಡದ ಪಾಳಿಗೆ ಇರುವುದು ಸರದಿ ಎಂಬ ಒಂದೇ ಅರ್ಥ. ಸಂತೆಯ ಮರಾಠಿ ಬಲ್ಲ ಆ ತಾಯಿ, ತನ್ನ ಸರದಿಯ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು, ಮರಾಠಿಯಲ್ಲಿಯೇ ಉತ್ತರಿಸಿದರು: "ಆತ್ತಾಚ್ ಆಲೀ, ಸಾಹೇಬ." ಈಗ ತಾನೇ ಬಂತು. ವೈದ್ಯರು ಚೀಟಿಯಲ್ಲಿ ಮುಟ್ಟು ನಡೆಯುತ್ತಿದೆ ಎಂದು ಬರೆದುಕೊಂಡರು. ವಯಸ್ಸು ಕೇಳಿದಾಗ "ಐವತ್ತಿರಬೇಕು" ಎಂಬ ಉತ್ತರ ಬಂದಿತ್ತು. ಮುಟ್ಟು ನಿಲ್ಲುವ ಕಾಲದ ಏರುಪೇರು ಎಂದು ಭಾವಿಸಿ ಕಬ್ಬಿಣಾಂಶದ ಗುಳಿಗೆ ಕೊಟ್ಟು ಕಳಿಸಿದರು. ಹೊರಗೆ ಇನ್ನೂ ನಲವತ್ತು ಜನ ಕಾದಿದ್ದರು.

ಈ ಸಂಭಾಷಣೆಯನ್ನು ಸೊಸೆ ನನಗೆ ಹೇಳಿದ್ದು ತಿಂಗಳುಗಳು ಕಳೆದ ಮೇಲೆ, ಅತ್ತೆಯ ಒಂದು ಕಾಲು ಬಾತುಕೊಂಡು, ಸೊಂಟದ ನೋವಿನಿಂದ ಮಲಗಲಾಗದೆ ದೊಡ್ಡ ಆಸ್ಪತ್ರೆಗೆ ಹೋಗಿ ಬಂದ ನಂತರ. ಅಷ್ಟರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸುತ್ತಲೂ ಹಬ್ಬಿತ್ತು. ಕಿರಣ ಚಿಕಿತ್ಸೆಯಾಯಿತು. ಒಂದೂವರೆ ವರ್ಷ ಬದುಕಿದ್ದರು. ಆ ವೈದ್ಯರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಅವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು. ಅವರಿಗಿಂತ ಮೂರು ತಿಂಗಳು ಮೊದಲು, ಅಚ್ಚ ಕನ್ನಡದಲ್ಲಿ, ಯಾವ ಗೊಂದಲವೂ ಇಲ್ಲದೆ ಆ ಲಕ್ಷಣವನ್ನು ಕೇಳಿಸಿಕೊಂಡವಳು ನಾನು.

ಇನ್ನು ಲಕ್ಷಣಗಳಿಗೆ ಬರೋಣ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದು, ಎರಡನೆಯದು ಗರ್ಭಕೊರಳಿನದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಸ್ತನದ ಕ್ಯಾನ್ಸರ್, ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡವು. ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡವರು 80 ಸಾವಿರದಷ್ಟು. ಇದು ನಿಧಾನವಾಗಿ ಬೆಳೆಯುವ ರೋಗ. ವೈರಾಣುವಿನ ಸೋಂಕು ಉಳಿದುಕೊಂಡು, ಜೀವಕೋಶಗಳು ಕೆಟ್ಟು, ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಬೇಕು. ಅಷ್ಟು ದೀರ್ಘಕಾಲ ನಮಗೆ ಸಮಯ ಕೊಡುವ ರೋಗದಿಂದ ಇಷ್ಟು ಜನ ಸಾಯುತ್ತಿದ್ದಾರೆ.

ಗರ್ಭಕೊರಳು ಎಂದರೆ ಗರ್ಭಕೋಶದ ಬಾಯಿ, ಯೋನಿಮಾರ್ಗಕ್ಕೆ ಕೂಡುವ ಕಿರಿದಾದ ಭಾಗ. ಅಲ್ಲಿನ ರೋಗವು ನುಡಿಯುವ ಭಾಷೆ ಮುಖ್ಯವಾಗಿ ರಕ್ತದ್ದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸುವುದು, ಅದು ಒಂದೇ ಹನಿಯಾಗಿರಲಿ. ಎರಡು ಮುಟ್ಟುಗಳ ನಡುವೆ ರಕ್ತ ಕಾಣಿಸುವುದು. ಗಂಡಹೆಂಡಿರ ಕೂಟದ ನಂತರ ರಕ್ತ ಕಾಣಿಸುವುದು. ಇವುಗಳ ಜೊತೆಗೆ ನೀರಿನಂತೆ, ದುರ್ವಾಸನೆಯಿಂದ ಕೂಡಿ, ಕೆಲವೊಮ್ಮೆ ರಕ್ತದ ಛಾಯೆಯಿಂದ ಹೋಗುವ ಸ್ರಾವ. ಮುಟ್ಟು ನಿಂತ ಮೇಲಿನ ರಕ್ತಸ್ರಾವವು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಇಂಥ ಸ್ರಾವಕ್ಕೆ ಬಹುಪಾಲು ಬೇರೆ ಸಣ್ಣ ಕಾರಣಗಳೇ ಇರುತ್ತವೆ, ನಿಜ. ಆದರೆ ಯಾವುದು ಸಣ್ಣದು ಎಂಬುದನ್ನು ಪರೀಕ್ಷೆ ಮಾಡಿದವರು ಹೇಳಬೇಕೇ ಹೊರತು ಅಕ್ಕಿ ಆರಿಸುವ ಜಗುಲಿಯಲ್ಲಿ ನಾವು ತೀರ್ಮಾನಿಸಬಾರದು. ಕಾಲಿನ ಬಾವು, ಬಿಡದ ಸೊಂಟನೋವು, ಮೂತ್ರ ಕಟ್ಟುವುದು, ಇವು ತಡವಾದ ಮೇಲಿನ ಲಕ್ಷಣಗಳು. ಜನ ದವಾಖಾನೆಯ ದಾರಿ ಹಿಡಿಯುವುದು ಮಾತ್ರ ಹೆಚ್ಚಾಗಿ ಇವು ಬಂದ ಮೇಲೆಯೇ, ಏಕೆಂದರೆ ನೋವು ಆಗ ಶುರುವಾಗುತ್ತದೆ.

ನೋವಿಲ್ಲದಿದ್ದರೆ ರೋಗವಿಲ್ಲ ಎಂಬ ಈ ಲೆಕ್ಕ ಸ್ತನದ ವಿಷಯದಲ್ಲಿ ಇನ್ನಷ್ಟು ಅಪಾಯಕಾರಿ. ಸ್ತನದ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಸ್ನಾನ ಮಾಡುವಾಗ ಕೈಗೆ ಹತ್ತುತ್ತದೆ. "ನೋವಿಲ್ಲ, ಸುಮ್ಮನಿದೆ, ಅದರ ಪಾಡಿಗೆ ಅದಿರಲಿ" ಎಂದು ಬಿಡುತ್ತಾರೆ. ಅದು ಸುಮ್ಮನಿರುವುದಿಲ್ಲ. ಸ್ತನದಲ್ಲಿಯಾಗಲಿ ಕಂಕುಳಲ್ಲಿಯಾಗಲಿ ಹೊಸ ಗಂಟು, ಒಂದು ಸ್ತನದ ಗಾತ್ರವೋ ಆಕಾರವೋ ಬದಲಾಗುವುದು, ಚರ್ಮ ಒಳಕ್ಕೆ ಎಳೆದುಕೊಂಡು ಕುಳಿ ಬೀಳುವುದು, ಕಿತ್ತಳೆಯ ಸಿಪ್ಪೆಯಂತೆ ಒರಟಾಗುವುದು, ಮೊದಲಿಂದಲೂ ಹೊರಕ್ಕಿದ್ದ ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ತೊಟ್ಟಿನ ಮೇಲೆ ಮಾಯದ ಹುಣ್ಣು, ಇಷ್ಟನ್ನು ನೆನಪಿಡಿ. ಕೈಗೆ ಹತ್ತುವ ಗಂಟುಗಳಲ್ಲಿ ಬಹುಪಾಲು, ಅದರಲ್ಲಿಯೂ ಎಳೆಯ ವಯಸ್ಸಿನವರಲ್ಲಿ, ಕ್ಯಾನ್ಸರ್ ಆಗಿರುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಹೆದರಿದವರು ಪರೀಕ್ಷೆಗೆ ಹೋಗುವುದಿಲ್ಲ, ಮರೆಮಾಡುತ್ತಾರೆ. "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ" ಎಂಬ ಸಮಾಧಾನವೂ ಸಲ್ಲದು. ಈ ರೋಗ ಬಂದ ಹೆಚ್ಚಿನ ಮಹಿಳೆಯರ ಮನೆತನದಲ್ಲಿ ಮೊದಲು ಯಾರಿಗೂ ಬಂದಿರುವುದಿಲ್ಲ.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಕ್ರಮವಾಗಿ ಸ್ವಯಂಪರೀಕ್ಷೆ ಮಾಡಿಕೊಳ್ಳಬೇಕೆಂದು ಭಿತ್ತಿಪತ್ರಗಳಲ್ಲಿ ಓದಿರುತ್ತೀರಿ. ಚೀನಾದ ಶಾಂಘಾಯ್ ನಗರದಲ್ಲಿ 2 ಲಕ್ಷ 66 ಸಾವಿರ ಕಾರ್ಮಿಕ ಮಹಿಳೆಯರ ನಡುವೆ ನಡೆದ ದೊಡ್ಡ ಅಧ್ಯಯನದಲ್ಲಿ, ಹಾಗೆ ವಿಧಿವತ್ತಾಗಿ ಕಲಿಸಿದ್ದರಿಂದ ಮಾತ್ರ ಸಾವುಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಅದನ್ನು ವ್ರತದಂತೆ ಹೇರುವುದು ಬೇಡ. ತನ್ನ ಮೈ ಹೇಗಿರುತ್ತದೆ ಎಂಬುದು ಹೆಣ್ಣಿಗೆ ಗೊತ್ತಿರಬೇಕು, ಬದಲಾದಾಗ ತೋರಿಸಬೇಕು. ಬೇರೊಂದು ಕಡೆ ಫಲ ಕಂಡದ್ದಿದೆ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಇಪ್ಪತ್ತು ವರ್ಷಗಳ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 50 ವರ್ಷ ದಾಟಿದವರಲ್ಲಿ ಸ್ತನದ ಕ್ಯಾನ್ಸರಿನ ಸಾವುಗಳು ಸುಮಾರು ಶೇಕಡಾ 30ರಷ್ಟು ಇಳಿದವು. ಬಳಸಿದ್ದು ಯಂತ್ರವನ್ನಲ್ಲ, ಕಲಿತ ಕೈಗಳನ್ನು.

ಅಂಡಾಶಯದ ಕ್ಯಾನ್ಸರ್ ಮೋಸಗಾರ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವೆಲ್ಲ ಗ್ಯಾಸ್ ಆಗಿದೆ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಹೊಸದಾಗಿ ಶುರುವಾಗಿ, ವಾರಗಟ್ಟಲೆ ಹೆಚ್ಚುಕಡಿಮೆ ದಿನವೂ ಕಾಡಿದರೆ ಜೀರಿಗೆ ಕಷಾಯವನ್ನು ಬದಿಗಿಟ್ಟು ತೋರಿಸಬೇಕು.

ನಮ್ಮ ಭಾಗಕ್ಕೆ ವಿಶೇಷವಾಗಿ ಹೇಳಬೇಕಾದದ್ದು ಬಾಯಿಯ ಕ್ಯಾನ್ಸರ್. ಹೆಣ್ಣುಮಕ್ಕಳು ತಂಬಾಕು ತಿನ್ನುವುದಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಮಿಶ್ರಿ ಏನು? ತಂಬಾಕನ್ನು ಹೆಂಚಿನ ಮೇಲೆ ಕರಿಕಾಗುವಂತೆ ಹುರಿದು ಪುಡಿ ಮಾಡಿದ್ದೇ ಮಿಶ್ರಿ. ಬೆಳಗ್ಗೆ ಹಲ್ಲುಜ್ಜಲೆಂದು ಆರಂಭವಾಗಿ, ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ವಸಡಿಗೆ ಹಚ್ಚಿಕೊಳ್ಳುವ ಚಟವಾಗುತ್ತದೆ. ಆರೋಗ್ಯ ಕಾರ್ಯಕರ್ತೆ ಬಂದು "ತಂಬಾಕು ತಿನ್ನುತ್ತೀರಾ?" ಎಂದರೆ ನಮ್ಮ ತಾಯಂದಿರು ಪ್ರಾಮಾಣಿಕವಾಗಿಯೇ "ಇಲ್ಲ" ಎನ್ನುತ್ತಾರೆ. ಅವರ ಶಬ್ದಕೋಶದಲ್ಲಿ ಅದು ಹಲ್ಲಿನ ಪುಡಿ. ಪ್ರಶ್ನೆಯನ್ನೇ ಬದಲಿಸಿ "ಮಿಶ್ರಿ ಹಚ್ಚತೀರೇನ್ರಿ?" ಎಂದು ಕೇಳಬೇಕು. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಾಗಿಸಿಕೊಳ್ಳಲಾಗದ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕುತ್ತಿಗೆಯಲ್ಲಿ ಗಂಟು, ಇವು ಕಂಡರೆ ತಡಮಾಡಬಾರದು. ಇದೊಂದನ್ನು ನೀವು ತಾಯಂದಿರ ಸಭೆಯಲ್ಲಿ ಯಾವ ಸಂಕೋಚವೂ ಇಲ್ಲದೆ ಮಾತನಾಡಬಹುದು. ಬಾಯಿಯಿಂದ ಆರಂಭಿಸಿದರೆ ಉಳಿದ ಮಾತುಗಳಿಗೆ ದಾರಿಯಾಗುತ್ತದೆ ಎಂಬುದು ನನ್ನ ಅನುಭವ.

ಮಾತನಾಡುವುದರಿಂದ ಏನಾದೀತು ಎಂಬ ಸಂಶಯ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಇದಕ್ಕೆ ಉತ್ತರ ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಇದೆ. ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇರುವುದು ನಿಮಗೆ ಗೊತ್ತು. 1987ರಲ್ಲಿ ಅಲ್ಲಿ ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಗಳಿಗಾಗಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ನಗರಗಳಲ್ಲಾದರೆ ನೋಂದಣಿಯವರು ಆಸ್ಪತ್ರೆಗಳಿಗೆ ಹೋಗಿ ದಾಖಲೆ ನೋಡಿ ಬರೆದುಕೊಳ್ಳುತ್ತಾರೆ. ಹಳ್ಳಿಯ ರೋಗಿಗಳು ಆಸ್ಪತ್ರೆಗೇ ಬರುತ್ತಿರಲಿಲ್ಲವಾಗಿ, ಇಲ್ಲಿನ ಕಾರ್ಯಕರ್ತರೇ ಊರಿಂದೂರಿಗೆ ಹೋಗಬೇಕಾಯಿತು. ಹೋದವರು ಬರಿದೇ ಲೆಕ್ಕ ಬರೆದುಕೊಳ್ಳಲಿಲ್ಲ. ಜನರನ್ನು ಕೂಡಿಸಿ, ಈ ಈ ಲಕ್ಷಣ ಇದ್ದರೆ ತೋರಿಸಿಕೊಳ್ಳಿ, ಬೇಗ ಬಂದರೆ ಗುಣವಾಗುತ್ತದೆ ಎಂದು ಹೇಳುತ್ತ ಹೋದರು. ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ರೋಗಿಗಳಲ್ಲಿ ಆರಂಭದ ಹಂತಗಳಲ್ಲಿಯೇ ಬರುವವರ ಪ್ರಮಾಣ ಏರಿತು. 1995ರಲ್ಲಿ ಈ ವಿಷಯ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಔಷಧ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. ಬಂದದ್ದು ಮಾತು, ಅದೂ ಅವರ ಆಡುನುಡಿಯಲ್ಲಿ. ಆ ಹಳ್ಳಿಗಳ ಆಡುನುಡಿ ಮರಾಠಿ. ನಮ್ಮ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಿಗೆ ಆ ಮಾತನ್ನು ಅಷ್ಟೇ ಆಪ್ತವಾದ ನುಡಿಯಲ್ಲಿ ತಲುಪಿಸುವವರು ಯಾರು ಎಂದು ಯೋಚಿಸಿದಾಗ ನನಗೆ ಮೊದಲು ಕಾಣುವುದು ಶಾಲೆ.

ಅದೇ ಬಳಗದವರು ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, 30ರಿಂದ 59 ವಯಸ್ಸಿನ 1 ಲಕ್ಷ 31 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನವನ್ನೂ ನಡೆಸಿದರು. ವೈರಾಣುವಿನ ಪರೀಕ್ಷೆಯನ್ನು ಜೀವನದಲ್ಲಿ ಒಂದೇ ಸಲ ಮಾಡಿಸಿಕೊಂಡ ಗುಂಪಿನಲ್ಲಿ, ಗರ್ಭಕೊರಳಿನ ಕ್ಯಾನ್ಸರಿನ ಸಾವುಗಳು ಪರೀಕ್ಷೆಯೇ ಇಲ್ಲದ ಗುಂಪಿಗಿಂತ ಹೆಚ್ಚುಕಡಿಮೆ ಅರ್ಧಕ್ಕಿಳಿದವು. 2009ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತಿನೆಲ್ಲೆಡೆ ಉಲ್ಲೇಖಿಸುತ್ತಾರೆ. ಪರೀಕ್ಷೆ ದೊರೆಯದ ಗುಂಪಿನ ಮಹಿಳೆಯರ ಬಗ್ಗೆ ಆಮೇಲೆ ಕಟುವಾದ ಪ್ರಶ್ನೆಗಳೂ ಎದ್ದವು, ಏಳಬೇಕಾದವೇ.

ಪರೀಕ್ಷೆಯ ಭಯವನ್ನು ಕಳೆಯಲು ಅದು ಹೇಗಿರುತ್ತದೆಂದು ಹೇಳಿದರೆ ಸಾಕು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ತಪಾಸಣೆ ಉಚಿತ. ಗರ್ಭಕೊರಳಿಗೆ ಮಾಡುವುದು, ನಮ್ಮ ಅಡುಗೆಯ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳುವಾದ ದ್ರಾವಣವನ್ನು ಹಚ್ಚಿ ಒಂದು ನಿಮಿಷ ಕಾದು ನೋಡುವುದು. ಕೆಟ್ಟ ಜೀವಕೋಶಗಳಿರುವ ಭಾಗ ಬೆಳ್ಳಗಾಗುತ್ತದೆ. ಕತ್ತರಿಸುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಹಾಗೆ ಬೆಳ್ಳಗಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಅದು ಮುಂದಿನ ಪರೀಕ್ಷೆಗೆ ಸೂಚನೆ. ಕ್ಯಾನ್ಸರ್ ಆಗುವ ಮುನ್ನಿನ ಸ್ಥಿತಿಯಲ್ಲಿದ್ದರೆ ಆ ಭಾಗವನ್ನಷ್ಟೇ ಶೀತದಿಂದಲೋ ಶಾಖದಿಂದಲೋ ತೆಗೆದುಹಾಕಬಹುದು, ಗರ್ಭಕೋಶ ಉಳಿಯುತ್ತದೆ. ಇದನ್ನು 5 ವರ್ಷಕ್ಕೊಮ್ಮೆ ಮಾಡಿಸಬೇಕೆಂದು ನಿಯಮ. ಒಂದು ಎಚ್ಚರ: ತಪಾಸಣೆ ಇರುವುದು ಲಕ್ಷಣವಿಲ್ಲದವರಿಗಾಗಿ. ಮೇಲೆ ಹೇಳಿದ ರಕ್ತಸ್ರಾವವೋ ಗಂಟೋ ಇರುವವರು ಶಿಬಿರದ ದಿನಕ್ಕಾಗಿ ಕಾಯಬಾರದು, ಕಳೆದ ವರ್ಷ ಎಲ್ಲ ಸರಿ ಎಂದಿದ್ದರು ಎಂದು ಸುಮ್ಮನಿರಲೂಬಾರದು. ನೇರವಾಗಿ ವೈದ್ಯರ ಬಳಿಗೆ ಹೋಗಬೇಕು.

ಲಜ್ಜೆಯ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ವೈರಾಣು ದಾಂಪತ್ಯದ ಸಂಪರ್ಕದಿಂದ ಹರಡುತ್ತದೆ ಎಂದು ತಿಳಿದೊಡನೆ ಕೆಲವರು ಹೆಣ್ಣಿನ ನಡತೆಯ ಮಾತೆತ್ತುತ್ತಾರೆ. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದು ಎಷ್ಟು ಸಾಮಾನ್ಯವಾದ ವೈರಾಣು ಎಂದರೆ ಸಂಸಾರ ನಡೆಸುವ ಹೆಚ್ಚುಕಡಿಮೆ ಎಲ್ಲರಿಗೂ, ಗಂಡಸರಿಗೂ, ಬದುಕಿನಲ್ಲಿ ಒಂದಲ್ಲ ಒಂದು ಸಲ ತಗಲುತ್ತದೆ. ಬಹುತೇಕರ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿಯುತ್ತದೆ. ಇದರಲ್ಲಿ ನಡತೆಯ ಪ್ರಶ್ನೆಯನ್ನು ತರುವುದು ಅಜ್ಞಾನ, ಅಷ್ಟೇ ಅಲ್ಲ, ಕ್ರೌರ್ಯ. ಈ ವೈರಾಣುವಿಗೆ ಲಸಿಕೆ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡುವುದು ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ನಮ್ಮ ಐದನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳ ವಯಸ್ಸು. ಪಾಲಕರು ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಕತ್ತರಿ ತಾಗಿಸಿದರೆ ಗಂಟು ಹಬ್ಬುತ್ತದೆ ಎಂಬ ಮಾತೂ ಊರೂರಲ್ಲಿದೆ. ತುಣುಕು ತೆಗೆದು ಪರೀಕ್ಷಿಸದೆ ಚಿಕಿತ್ಸೆ ಯಾವುದೆಂದು ನಿರ್ಧರಿಸಲಾಗದು. ತಡವಾಗಿ ಹೋದವರು ಶಸ್ತ್ರಕ್ರಿಯೆಯ ನಂತರ ತೀರಿಕೊಂಡದ್ದನ್ನು ಕಂಡು ಹುಟ್ಟಿದ ನಂಬಿಕೆಯಿದು.

ಈಗ ನನ್ನ ಮೂಲ ವಿಷಯವಾದ ಭಾಷೆಗೆ ಮರಳುತ್ತೇನೆ. ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಅರ್ಬುದ, ಋತುಸ್ರಾವ, ಶ್ವೇತಪ್ರದರ ಎಂಬ ಘನವಾದ ಪದಗಳಿವೆ. ಯಾವ ತಾಯಿಯೂ ಇವನ್ನು ಬಳಸುವುದಿಲ್ಲ. ಅವರು ಹೇಳುವುದು ಹೊರಗಾಗುವುದು, ಮುಟ್ಟು, ಬಿಳಿ ಹೋಗುವುದು, ಗಂಟು, ಗಡ್ಡೆ. ದಕ್ಷಿಣದ ಕಡೆ ಬಿಳಿ ಸೆರಗು ಎನ್ನುತ್ತಾರೆ. ಸೊಲ್ಲಾಪುರದ ದವಾಖಾನೆಯಲ್ಲಿ ಮುಟ್ಟಿಗೆ ಪಾಳಿ, ಗಂಟಿಗೆ ಗಾಠ್, ಬಿಳಿ ಹೋಗುವುದಕ್ಕೆ ಅಂಗಾವರೂನ್ ಪಾಂಢರೇ ಜಾಣೇ. ಈ ಕೈಪಿಡಿಯನ್ನು ಓದುವ ಬೇರೆ ಗಡಿಗಳ ಮಿತ್ರರಿಗೂ ಇದೇ ಪಾಡು. ತಾಳವಾಡಿಯ ಹೆಂಗಸು ಗಂಟಿಗೆ ಕಟ್ಟಿ ಎಂದೂ ಮುಟ್ಟಿಗೆ ಮಾದವಿಡಾಯ್ ಎಂದೂ ತಿಳಿದಿರಬೇಕು. ಮಡಕಶಿರಾ, ಆದೋನಿಯವರಿಗೆ ನೆಲಸರಿ, ತೆಲ್ಲಬಟ್ಟ, ಗಡ್ಡ ಎಂಬ ಮಾತುಗಳು ಬೇಕು. ತೆಲುಗಿನ ಆ ಗಡ್ಡವನ್ನು ಕೇಳಿ ನಮ್ಮವರು ಗಲ್ಲ ಮುಟ್ಟಿಕೊಂಡರೆ ಆಶ್ಚರ್ಯವಿಲ್ಲ. ಕಾಸರಗೋಡಿನಿಂದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋಗುವವರು ಗಂಟಿಗೆ ಮುೞ ಎಂಬ ಪದ ಕೇಳುತ್ತಾರೆ. ಹಳಗನ್ನಡದ ಪಾಠದಲ್ಲಿ ನಾವು ಮಕ್ಕಳಿಗೆ ತೋರಿಸಿ ಈಗ ಬಳಕೆಯಲ್ಲಿಲ್ಲ ಎನ್ನುವ ೞ ಅಕ್ಷರ ಅಲ್ಲಿ ಇನ್ನೂ ನಾಲಗೆಯ ಮೇಲಿದೆ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ತಪಾಸಣಾ ನಮೂನೆಯಲ್ಲಿ ನಾನು ಹೇಳಿದ ಪ್ರಶ್ನೆಗಳು ಬಹುಪಾಲು ಇವೆ: ಸ್ತನದಲ್ಲಿ ಗಂಟಿದೆಯೆ, ತೊಟ್ಟಿನಿಂದ ರಕ್ತ ಬರುತ್ತದೆಯೆ, ಮುಟ್ಟುಗಳ ನಡುವೆ, ಮುಟ್ಟು ನಿಂತ ಮೇಲೆ, ಕೂಟದ ನಂತರ ರಕ್ತ ಕಾಣುತ್ತದೆಯೆ, ದುರ್ವಾಸನೆಯ ಸ್ರಾವವಿದೆಯೆ. ಕಾಗದದಲ್ಲಿ ಕೊರತೆಯಿಲ್ಲ. ಆದರೆ ಅಂಗಳದಲ್ಲಿ ಅತ್ತೆ, ಮೈದುನ, ನೆರೆಮನೆಯವರ ಎದುರಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಸೊಸೆ "ಏನೂ ಇಲ್ಲ" ಎಂದೇ ಹೇಳುತ್ತಾಳೆ. ನಮ್ಮ ಶಾಲೆಯ ಒಂದು ಕೊಠಡಿಯನ್ನು ಶನಿವಾರ ಮಧ್ಯಾಹ್ನ ಆಶಾ ಕಾರ್ಯಕರ್ತೆಗೆ ಬಿಟ್ಟುಕೊಡಿ. ಬಾಗಿಲು ಮುಚ್ಚುವಂತಿರಲಿ. ಕನ್ನಡದಲ್ಲಿ ಪ್ರಶ್ನೆ ಓದಿ ಹೇಳಲು ಒಬ್ಬ ಶಿಕ್ಷಕಿ ಜೊತೆಗಿರಲಿ, ಆ ಹೆಣ್ಣುಮಗಳು ಒಪ್ಪಿದರೆ ಮಾತ್ರ. ಅಲ್ಲಿ ಕೇಳಿದ್ದು ಶಿಕ್ಷಕರ ಕೊಠಡಿಯ ಚಹದ ಜೊತೆ ಹಂಚುವ ಸುದ್ದಿಯಾಗಕೂಡದು. ಒಮ್ಮೆ ಹಾಗಾಯಿತೆಂದರೆ ಆ ಊರಿನಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳನ್ನು ದುಭಾಷಿಗಳನ್ನಾಗಿ ಕಳಿಸಬೇಡಿ. ಏಳನೆಯ ತರಗತಿಯ ಹುಡುಗ ಮರಾಠಿ ಚೆನ್ನಾಗಿ ಬಲ್ಲನೆಂದು ತಾಯಿಯೊಡನೆ ದವಾಖಾನೆಗೆ ಹೋದರೆ, ಆ ತಾಯಿ ಮಗನ ಬಾಯಿಂದ ಏನನ್ನು ತಾನೆ ಹೇಳಿಸಿಯಾಳು?

ಚಿಕಿತ್ಸೆಯ ಖರ್ಚಿನ ಹೆದರಿಕೆಗೆ, ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ ಎಂದು ತಿಳಿಸಿ. ಪಡಿತರ ಚೀಟಿ, ಆಧಾರ್ ಜೊತೆಗಿಟ್ಟುಕೊಂಡು ಹೋಗಲು ಹೇಳಿ. ಇಷ್ಟು ಗೊತ್ತಿಲ್ಲದೆ ಮನೆಯಲ್ಲಿಯೇ ಉಳಿದವರನ್ನು ನಾನು ಕಂಡಿದ್ದೇನೆ.

ಶಿಕ್ಷಕಿಯರಿಗೆ ಒಂದು ಮಾತು. ನಿಮ್ಮಲ್ಲಿ 30 ದಾಟಿದವರು ಎಷ್ಟು ಜನ ತಪಾಸಣೆ ಮಾಡಿಸಿಕೊಂಡಿದ್ದೀರಿ ಎಂದು ಕೈಯೆತ್ತಿಸಿ ಕೇಳುವುದಿಲ್ಲ. ನಾನು ಮಾಡಿಸಿಕೊಂಡದ್ದು ಆ ತಾಯಿ ತೀರಿಕೊಂಡ ಮೇಲೆ, ನನ್ನ 43ನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನನಗೆ ರಜೆ ಸಿಕ್ಕಿರಲಿಲ್ಲ ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಮೇಜಿನ ಮೇಲೆ ಇದ್ದದ್ದು ಹತ್ತು ನಿಮಿಷ.

ಊಟದ ಬಿಡುವಿಗೆ ಇನ್ನೂ ಅರ್ಧ ಗಂಟೆ ಇದೆ. ನಿಮ್ಮ ಕೈಯಲ್ಲಿರುವ ಚೀಟಿಗಳನ್ನು ನೋಡಿ, ಅಂಗೈಯಗಲದವು, ರವಿಕೆಯಲ್ಲಿಯೋ ಎಲೆಯಡಿಕೆಯ ಚೀಲದಲ್ಲಿಯೋ ಇಟ್ಟುಕೊಳ್ಳುವಂಥವು. ಐದೈದು ಜನರ ಗುಂಪಾಗಿ ಕುಳಿತು ಅವುಗಳ ಮೇಲೆ ನಾಲ್ಕು ವಾಕ್ಯಗಳನ್ನು ಬರೆಯೋಣ. ಮೇಲೆ ನಮ್ಮ ಊರಿನ ಆಡುಗನ್ನಡದಲ್ಲಿ, ಕೆಳಗೆ ಅದೇ ವಾಕ್ಯ ಮರಾಠಿಯಲ್ಲಿ, ವೈದ್ಯರಿಗೆ ತೋರಿಸಿದರೆ ಸಾಕು ಎನ್ನುವಂತೆ. ಓದು ಬಾರದವರು ಗುರುತಿಸಲು ಪ್ರತಿ ವಾಕ್ಯದ ಮುಂದೆ ಒಂದು ಸಣ್ಣ ಚಿತ್ರ ಇರಲಿ. ಚಿತ್ರಕಲೆಯ ಶಿಕ್ಷಕರು ನೆರವಾಗುತ್ತಾರೆ. ಮೊದಲ ವಾಕ್ಯವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ: "ನನಗ ಮುಟ್ಟು ನಿಂತು ____ ವರ್ಷ ಆತ್ರಿ, ಈಗ ಮತ್ತ ರಕ್ತ ಕಾಣ್ಸಾಕತ್ತೈತಿ." ಇದರ ಮರಾಠಿ ರೂಪದಲ್ಲಿ ಪಾಳಿ ಎಂಬ ಪದವನ್ನು ಹೇಗೆ ಬಳಸಿದರೆ ಯಾರಿಗೂ ತಪ್ಪು ತಿಳಿಯುವುದಿಲ್ಲ ಎಂಬುದನ್ನು ಪ್ರತಿ ಗುಂಪೂ ಚರ್ಚಿಸಿ ಬರೆಯಲಿ. ಉಳಿದ ಮೂರು ವಾಕ್ಯ ನಿಮ್ಮವು.